ಸಂತರ ಗುಹೆಗೆ ಬಂದ ಇನ್‌ಸ್ಪೆಕ್ಟರ್

ಇಷ್ಟಕ್ಕೆಲ್ಲ ಕಾರಣ ಒಂದು ಸೀನು.

ಬುಕ್ ಬೈಂಡರ್ ಅಂಟಣ್ಣನಿಗೆ ಸ್ನಾನದೀಕ್ಷೆಯ ದಿನ ಇಟ್ಟ ಹೆಸರು ಬೇರೆ. ಆದರೆ ಕೈಕುಲುಕಿದವರು ಬಿಡಿಸಿಕೊಳ್ಳಲು ಒದ್ದಾಡುವಷ್ಟು ಬೆರಳಿಗೆಲ್ಲ ಅಂಟು ಮೆತ್ತಿಕೊಂಡ ಮನುಷ್ಯನನ್ನು ಜನ ಇನ್ನೇನೆಂದು ಕರೆದಾರು? ಚರ್ಚಿನ ಪಕ್ಕದ ಓಣಿಯಲ್ಲಿ ಅವನ ಅಂಗಡಿ. ಅದರ ಹಿಂದೆಯೇ ಮನೆ. ಚರ್ಚಿನವರು ಹೊಸದಾಗಿ ಒಂದು ಪುಸ್ತಕಾಲಯ ತೆರೆಯುವವರಿದ್ದರು. ಗೋಡೆಗೆ ಎರಡೇ ಕಪಾಟು. ಒಂದರ ಮೇಲೆ ‘ಭಕ್ತಿಗೆ’, ಇನ್ನೊಂದರ ಮೇಲೆ ‘ಬಿಡುವಿಗೆ’ ಎಂದು ಬರೆಸಿದ್ದರು. ಬಿಡುವಿಗೆಂದು ಏನೇನೋ ಓದಬಾರದು ಎಂದು ಫಾದರ್ ಭಾನುವಾರದ ಪ್ರಸಂಗದಲ್ಲಿ ಬಿಡಿಸಿ ಹೇಳಿದ್ದರು.

“ಕೊಲೆ, ಕಳ್ಳತನದ ಕತೆ ಓದಿ ಮನಸ್ಸು ಹೊಲಸು ಮಾಡ್ಕೋಬೇಡಿ. ಸಂತರ ಚರಿತ್ರೆ ಓದಿ. ಅದರಲ್ಲಿಲ್ಲದ ಸ್ವಾರಸ್ಯ ಯಾವುದರಲ್ಲಿದೆ?”

ಹಾಗೆಂದು ಉದ್ಘಾಟನೆಯ ದಿನ ಬಿಷಪ್ಪರ ಕೈಗೆ ಕೊಡಲು ಒಂದು ಹಳೆಯ ಸಂತ ಚರಿತ್ರೆಯನ್ನು ಆರಿಸಿ ಬೈಂಡಿಂಗಿಗೆ ಕಳಿಸಿದ್ದರು. ಗುಹೆಯೊಂದರಲ್ಲಿ ಒಂಟಿಯಾಗಿ ತಪಸ್ಸು ಮಾಡಿದ ಸಂತರ ಕತೆ ಅದು. ಈ ಕೆಲಸ ಮೆಚ್ಚುಗೆಯಾದರೆ ಚರ್ಚಿನ ಅಷ್ಟೂ ಹಳೆಯ ಪುಸ್ತಕಗಳ ಕೆಲಸ ಅಂಟಣ್ಣನಿಗೇ.

ಪುಸ್ತಕ ತಂದುಕೊಟ್ಟವಳು ಫಾದರ್ ಮನೆಯ ಅಡುಗೆಯಾಕೆ. ಚೀಲದ ತಳದಿಂದ ಅವಳು ಇನ್ನೊಂದು ಪುಸ್ತಕವನ್ನೂ ತೆಗೆದಳು. ರಟ್ಟಿಲ್ಲ, ಮೊದಲ ಹಾಳೆಯೂ ಇಲ್ಲ. ಪತ್ತೇದಾರಿ ಕಾದಂಬರಿ.

“ಇದನ್ನೂ ಹೊಲ್ದು ಕೊಡಿ ಅಂಟಣ್ಣ. ಆದ್ರೆ ಯಾರ ಕಿವಿಗೂ ಬೀಳಬಾರ್ದು.”

ಪಾಪ, ಒಲೆ ಮುಂದೆ ಕೂತು ಓದಿಕೊಳ್ಳುತ್ತಾಳೆ, ಫಾದರಿಗೆ ಗೊತ್ತಾದರೆ ಬೈಗುಳ ಎಂದುಕೊಂಡು ಅಂಟಣ್ಣ ನಕ್ಕು ಮಾತು ಕೊಟ್ಟಿದ್ದ. ಎರಡನ್ನೂ ಬಿಚ್ಚಿ, ಕೆಲವು ಹಾಳೆಗಳನ್ನು ಒಟ್ಟಿಗೆ ಮಡಚಿದ ಮಡಿಕೆಗಳಾಗಿ ಮೇಜಿನ ಮೇಲೆ ಜೋಡಿಸಿದ್ದ. ಆಗ ಬಂತು ಆ ಸೀನು. ಹಳೆಯ ಕಾಗದದ ಧೂಳು ಮೂಗಿಗೇರಿ ಬಂದ ಸೀನಿಗೆ ಮೇಜಿನ ಮೇಲಿದ್ದ ಸಂತರೂ ಕಳ್ಳರೂ ಒಟ್ಟಿಗೇ ನೆಲಕ್ಕುರುಳಿದರು. ಆರಿಸಿ ಹೊಲಿದು, ಅಂಟು ಹಾಕಿ, ಎರಡನ್ನೂ ಅಡುಗೆಯಾಕೆಯ ಕೈಗೆ ಕೊಟ್ಟು ಕಳಿಸಿದ್ದ.

ಉದ್ಘಾಟನೆಯ ದಿನ ಬೆಳಿಗ್ಗೆ ಹೆಂಡತಿ ಅಂಗಡಿ ಗುಡಿಸುತ್ತಿದ್ದಳು. ಒತ್ತುವ ಯಂತ್ರದ ಅಡಿಯಿಂದ ಪೊರಕೆಗೆ ಕಾಗದದ ಮಡಿಕೆಯೊಂದು ಸಿಕ್ಕಿತು.

“ರೀ, ಇಲ್ನೋಡಿ, ನಿಮ್ಮ ಸಂತರು ಕಸದಲ್ಲಿ ಬಿದ್ದಿದಾರೆ.”

ಅಂಟಣ್ಣ ಇಸಿದುಕೊಂಡು ನೋಡಿದ. ಗುಹೆ, ಪ್ರಾರ್ಥನೆ, ಪಾದದ ಬಳಿ ಬಂದು ಮಲಗಿದ ತೋಳ. ಸಂತ ಚರಿತ್ರೆಯ ಮಡಿಕೆಗಳನ್ನು ಅವನೇ ಎಣಿಸಿ ಹೊಲಿದಿದ್ದ, ಲೆಕ್ಕ ಸರಿಯಿತ್ತು. ಸಂತರು ಇಲ್ಲಿದ್ದರೆ ಅವರ ಜಾಗದಲ್ಲಿ ಹೋಗಿ ಕೂತವರು ಯಾರು?

“ಅಯ್ಯೋ, ಕೆಟ್ಟೆ ಕಣೇ” ಎಂದವನೇ ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಮೆಟ್ಟಿಕೊಂಡು ಓಡಿದ.

ಅಡುಗೆಯಾಕೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು.

“ಆ ಪುಸ್ತಕನಾ? ವೃದ್ಧಾಶ್ರಮ ನೋಡ್ಕೊಳ್ಳೋ ಸಿಸ್ಟರ್ ತಗೊಂಡು ಹೋದ್ರಲ್ಲ, ಅಲ್ಲಿಗೆ. ಬಿಷಪ್ಪರ ಕೈಗೆ ಹೋಗೋದ್ರೊಳಗೆ ನಮ್ಮ ಅಜ್ಜಂದಿರೂ ಒಂದಿಷ್ಟು ಕೇಳಲಿ ಅಂತ.”

ವೃದ್ಧಾಶ್ರಮ ಊರಿನ ಆ ತುದಿಗೆ. ಅಂಟಣ್ಣ ಮತ್ತೆ ಓಡಲು ತಿರುಗಿದರೆ ಎದುರಿಗೆ ಸ್ಕೂಟರಿನಲ್ಲಿ ಪಕ್ಕದಂಗಡಿಯ ಗಡಿಯಾರ ರಿಪೇರಿಯವನು. ಈ ಮಹಾಶಯ ಕಿವಿಗೆ ಬಿದ್ದ ಮಾತಿಗೆ ಕೀಲಿ ಕೊಟ್ಟು ಊರಿಡೀ ಓಡಿಸುವವನು. ಆದರೆ ಆ ಹೊತ್ತಿಗೆ ಅವನ ಸ್ಕೂಟರೇ ಗತಿಯಾಯಿತು.

“ಏನು ಅವಸರ ಅಂಟಣ್ಣ? ಯಾರಿಗಾದ್ರೂ ಹುಷಾರಿಲ್ವಾ?”

“ಒಂದು ಪುಸ್ತಕ ವಾಪಸ್ ತರ್ಬೇಕು. ಬೇಗ ನಡಿ.”

“ಪುಸ್ತಕಕ್ಕೆ ಯಾರಾದ್ರೂ ಇಷ್ಟು ಬೆವರ್ತಾರಾ? ಏನೋ ಇದೆ, ನನ್ನ ಹತ್ರ ಮುಚ್ಚಿಡ್ತಾ ಇದೀಯ.”

ಅಂಟಣ್ಣ ಹಿಂದಿನ ಸೀಟಿಗೆ ಹತ್ತಿ, ಹೊಲಿಗೆ ಹಾಕಿದ ಹಾಗೆ ಕೂತ.

ಆಶ್ರಮದ ಹಜಾರದಲ್ಲಿ ಎಂದಿನಂತೆ ವಾಚನ ಶುರುವಾಗಿತ್ತು. ಬೇರೆ ದಿನ ಎರಡನೇ ಪುಟಕ್ಕೇ ಗೊರಕೆ ಏಳುತ್ತಿತ್ತು. ಇವತ್ತು ಒಬ್ಬರೂ ರೆಪ್ಪೆ ಮಿಟುಕಿಸುತ್ತಿರಲಿಲ್ಲ. ಸಿಸ್ಟರ್ ಅಕ್ಷರದಿಂದ ಕಣ್ಣೆತ್ತದೆ ಒಂದೇ ರಾಗದಲ್ಲಿ ಓದಿಕೊಂಡು ಹೋಗುವವರು. ಜಪಸರದ ಮಣಿಯಂತೆ ಒಂದಾದ ಮೇಲೊಂದು ಸಾಲು. ಸಂತರು ಗುಹೆಯಲ್ಲಿ ಮೊಣಕಾಲೂರಿ ಕಣ್ಣು ಮುಚ್ಚಿದರು ಎಂದು ಓದಿ, ಹಾಳೆ ತಿರುವಿ, ಅದೇ ರಾಗದಲ್ಲಿ, “ದೀಪ ಹೊತ್ತಿಕೊಂಡಿತು. ಯಾರೂ ಸೋಫಾದಿಂದ ಏಳಕೂಡದು ಎಂದು ಇನ್‌ಸ್ಪೆಕ್ಟರ್ ಪಿಸ್ತೂಲು ತೆಗೆದ” ಎಂದು ಮುಂದುವರಿಸಿದ್ದರು.

“ಗುಹೇಲಿ ಸೋಫಾ ಎಲ್ಲಿಂದ ಬಂತು?” ಎಂದರು ನಿವೃತ್ತ ಮೇಷ್ಟ್ರು.

“ದೇವರು ಮನಸ್ಸು ಮಾಡಿದ್ರೆ ಸೋಫಾ ಏನು, ಮಂಚಾನೂ ಬರುತ್ತೆ. ಸುಮ್ನೆ ಕೇಳಿ” ಎಂದಳು ಪಕ್ಕದ ಅಜ್ಜಿ.

“ಇನ್‌ಸ್ಪೆಕ್ಟರ್ ಯಾಕೆ ಬಂದ?”

“ಸಂತರನ್ನ ಹಿಡ್ಕೊಂಡು ಹೋಗೋಕೆ. ಒಳ್ಳೇವ್ರಿಗೆ ಯಾವ ಕಾಲದಲ್ಲೂ ಇದೇ ಗತಿ” ಎಂದು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಿವುಡಜ್ಜ ಕೈಯನ್ನು ಕಿವಿಗೆ ಆನಿಸಿಕೊಂಡು ಕುರ್ಚಿಯನ್ನೇ ಮುಂದಕ್ಕೆ ಎಳೆದುಕೊಂಡಿದ್ದ.

ಸಿಸ್ಟರ್ ಓದಿದರು: “ಹಾಲಿಗೆ ವಿಷ ಬೆರೆಸಿದ ಪಾಪಿ ಎಲ್ಲಿಗೂ ಓಡಿಹೋಗಿಲ್ಲ. ನೋಡುತ್ತಿರಿ, ಈಗ ಆ ಬಾಗಿಲಿನಿಂದಲೇ ಒಳಗೆ ಬರುತ್ತಾನೆ.”

ಹಜಾರದ ಬಾಗಿಲು ದಡಾರನೆ ತೆರೆಯಿತು. ಅಂಟಣ್ಣ ನಿಂತಿದ್ದ. ಕೂದಲು ಕೆದರಿತ್ತು, ಬೆವರು ಇಳಿಯುತ್ತಿತ್ತು. ಪುಸ್ತಕ ಹೇಗೆ ಕೇಳುವುದೆಂದು ಸ್ಕೂಟರಿನ ಮೇಲೆ ಅವನು ಒಂದು ಸುಳ್ಳನ್ನು ತಯಾರು ಮಾಡಿಕೊಂಡಿದ್ದ. ಅದನ್ನು ಒಂದೇ ಉಸಿರಿಗೆ ಹೇಳಿಬಿಟ್ಟ.

“ನಿಲ್ಸಿ ಸಿಸ್ಟರ್. ನಾನು ವಿಷ ಹಾಕ್ಬಿಟ್ಟಿದೀನಿ.”

ಅಜ್ಜಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಮೇಷ್ಟ್ರು ತಮ್ಮ ಮುಂದಿದ್ದ ಹಾಲಿನ ಲೋಟವನ್ನು ಮೆಲ್ಲಗೆ ದೂರ ಸರಿಸಿದರು. ಏನೂ ಕೇಳಿಸದ ಕಿವುಡಜ್ಜ ಕೂಡ ಊರುಗೋಲು ಎತ್ತಿ ಹಿಡಿದ.

“ಅಂಟಿಗೆ ಸಿಸ್ಟರ್, ಅಂಟಿಗೆ. ಪುಸ್ತಕದ ಹುಳ ಸಾಯ್ಲಿ ಅಂತ. ಅದಿನ್ನೂ ಒಣಗಿಲ್ಲ. ಇಲ್ಲಿ ಕೊಡಿ, ನೀವು ಕೈ ತೊಳ್ಕೊಳ್ಳಿ” ಎಂದು ಅಂಟಣ್ಣ ತೊದಲಿದ. ಬೆಪ್ಪಾಗಿ ಕೂತಿದ್ದ ಸಿಸ್ಟರ್ ಕೈಯಿಂದ ಪುಸ್ತಕ ಎಳೆದುಕೊಂಡ.

“ಅದೆಲ್ಲ ಇರ್ಲಿ, ಯಾರು ಮಾಡಿದ್ದು ಅಂತ ಹೇಳ್ಬಿಟ್ಟು ಹೋಗು” ಎಂದು ಮೇಷ್ಟ್ರು ಹಿಂದಿನಿಂದ ಕೂಗಿದರು.

ಹೊರಗೆ ಬಂದರೆ ಸ್ಕೂಟರ್ ಇಲ್ಲ. ಗಡಿಯಾರದವನು ಬಾಗಿಲ ಸಂದಿಯಿಂದ ಮೊದಲ ಮಾತಷ್ಟನ್ನು ಕೇಳಿಸಿಕೊಂಡು ಹೊರಟುಹೋಗಿದ್ದ. ಅಂಟಣ್ಣ ನಡೆದು ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಊಟ ಮುಗಿಸಿ ಕೈ ತೊಳೆದುಕೊಂಡಿತ್ತು. ಬಾಗಿಲಲ್ಲಿ ಹೆಂಡತಿ ಮುಖ ಬಿಳಿಚಿಕೊಂಡು ನಿಂತಿದ್ದಳು.

“ರೀ, ಆಶ್ರಮದವ್ರಿಗೆಲ್ಲ ವಿಷ ಹಾಕಿ ನೀವೇ ಒಪ್ಕೊಂಡ್ರಂತೆ. ಹೌದಾ?”

“ನಿನಗೆ ತಲೆ ಕೆಟ್ಟಿದ್ಯಾ? ಅನ್ನ ಬಡಿಸು.”

“ನೀವೇ ಬಡಿಸ್ಕೊಳ್ಳಿ. ನಾನು ಮುಟ್ಟಿದ್ದು ಅಂತ ನಾಳೆ ನನ್ನ ಮೇಲೆ ಬರೋದು ಬೇಡ.”

ಅಂಟಣ್ಣ ಹಸಿದ ಹೊಟ್ಟೆಯಲ್ಲೇ ಕೆಲಸಕ್ಕೆ ಕೂತ. ಹೊಲಿಗೆ ಬಿಚ್ಚಿ, ಇನ್‌ಸ್ಪೆಕ್ಟರನ್ನು ಹೊರಕ್ಕೆಳೆದು, ಸಂತರನ್ನು ಅವರ ಗುಹೆಗೆ ಸೇರಿಸಿ, ಮತ್ತೆ ಹೊಲಿದು ಯಂತ್ರದಡಿ ಒತ್ತಲು ಇಟ್ಟ. ಹೊರಬಂದ ಮಡಿಕೆಯನ್ನು ಏನು ಮಾಡುವುದು? ಈ ಸಾಕ್ಷಿ ಯಾರ ಕೈಗಾದರೂ ಸಿಕ್ಕರೆ ಕತೆ ಮುಗಿಯಿತು. ಅಡುಗೆಯಾಕೆಗೆ ಕತೆಯ ತುದಿ ಸಿಗದಿದ್ದರೆ ಆಕಾಶವೇನೂ ಬೀಳುವುದಿಲ್ಲ. ಅಂಟು ಕಾಯಿಸುವ ಒಲೆಗೆ ತುರುಕಿದ. ಪುಟಗಳು ಭಗ್ಗೆಂದು ಉರಿದು ಬೂದಿಯಾದವು. ಅವನ ಎದೆಯ ಭಾರವೂ ಇಳಿಯಿತು.

ಸಂಜೆ ಬಿಷಪ್ಪರು ಬರುವ ಮುಂಚೆ ಫಾದರ್ ಪಾಪನಿವೇದನೆಗೆ ಕೂತಿದ್ದರು. ಸಿಸ್ಟರ್‌ಗೇ ಸುಳ್ಳು ಹೇಳಿದ್ದು ಅಂಟಣ್ಣನನ್ನು ಚುಚ್ಚುತ್ತಿತ್ತು. ಅವನು ಜಾಲರಿಯ ಈಚೆ ಮೊಣಕಾಲೂರಿ ಸೀನಿನಿಂದ ಹಿಡಿದು ಸುಳ್ಳಿನವರೆಗೆ ಎಲ್ಲವನ್ನೂ ಒದರಿದ. ಪುಸ್ತಕ ಯಾರದ್ದೆಂದು ಮಾತ್ರ ಹೇಳಲಿಲ್ಲ, ಕೊಟ್ಟ ಮಾತು.

ಜಾಲರಿಯ ಆಚೆ ಕುರ್ಚಿ ಕಿರ್ರೆಂದಿತು.

“ಆ ಪುಟಗಳು ಈಗ ಎಲ್ಲಿವೆ?”

“ಸುಟ್ಟುಹಾಕ್ದೆ ಫಾದರ್. ಒಂದು ಚೂರೂ ಉಳಿಸ್ಲಿಲ್ಲ.”

“ಸುಟ್ಟೆಯಾ?” ಆ ದನಿ ಉಪದೇಶದ ದನಿಯಾಗಿರಲಿಲ್ಲ. “ನಿನ್ನೆ ರಾತ್ರಿಯಿಂದ ನನಗೆ ನಿದ್ದೆ ಇಲ್ಲ ಕಣಪ್ಪ. ಎಲ್ಲರೂ ಬಂದು ಸೋಫಾದಲ್ಲಿ ಕೂತ್ರು, ದೀಪ ಆರಿತು. ಹಾಳೆ ತಿರುವಿದ್ರೆ ನಿನ್ನ ರಟ್ಟು.”

ಅಂಟಣ್ಣನ ಮೊಣಕಾಲು ನೆಲಕ್ಕೆ ಅಂಟಿಕೊಂಡಂತಾಯಿತು.

“ಸುಡೋ ಮುಂಚೆ ಓದಿದ್ಯೋ ಇಲ್ವೋ?” ಫಾದರ್ ಜಾಲರಿಗೆ ಮೂಗು ತಾಗುವಷ್ಟು ಬಾಗಿದ್ದರು. “ಅಷ್ಟಾದರೂ ಹೇಳು. ಯಾರು ಮಾಡಿದ್ದು?”

ಓದಿಲ್ಲ ಎನ್ನಲು ಅಂಟಣ್ಣನಿಗೆ ಧೈರ್ಯ ಸಾಲಲಿಲ್ಲ. ಚರ್ಚಿನ ಅಷ್ಟೂ ಪುಸ್ತಕಗಳು ಕಣ್ಣ ಮುಂದೆ ಸಾಲುಗಟ್ಟಿ ನಡೆದುಹೋಗುತ್ತಿದ್ದವು. ಇಂಥ ಕತೆಗಳಲ್ಲಿ ಒಬ್ಬ ಡಾಕ್ಟರ್ ಇದ್ದೇ ಇರುತ್ತಾನಲ್ಲ?

“ಡಾಕ್ಟ್ರು, ಫಾದರ್” ಎಂದ ಗಟ್ಟಿಯಾಗಿ.

ಫಾದರ್ ನಿಧಾನಕ್ಕೆ ಹಿಂದಕ್ಕೆ ಒರಗಿಕೊಂಡರು.

“ಸತ್ತವನೇ ಡಾಕ್ಟ್ರು ಕಣಪ್ಪ.”