ಉಸಿರು ತೆಗೆಯುವ ಚೆಂದ

ಇಂಗ್ಲಿಷ್ ಮೇಷ್ಟರಾದವನ ಬೆನ್ನಿಗೆ ಯಾವುದಾದರೂ ಒಂದು ಪದ ಬಿದ್ದೇ ಬಿದ್ದಿರುತ್ತದೆ. ನನ್ನ ಬೆನ್ನಿಗೆ ಬಿದ್ದದ್ದು ‘ಬ್ರೆತ್‌ಟೇಕಿಂಗ್’. ನೋಡಿದವರು ಉಸಿರಾಡುವುದನ್ನೇ ಮರೆಯುವಷ್ಟು ಚೆಂದ ಎಂದು ಅದರ ಅರ್ಥ. ಬಿಡಿಸಿ ಹೇಳಿದರೆ ಮಾತ್ರ ‘ಉಸಿರು ತೆಗೆಯುವಂಥದ್ದು’ ಎಂದಾಗುತ್ತದೆ. ನಮ್ಮ ಸೀಮೆಯಲ್ಲಿ ಉಸಿರು ತೆಗೆಯುವುದು ಯಮನ ಕೆಲಸ. ಹಾಗಾಗಿ ಐವತ್ತು, ಅರವತ್ತರ ದಶಕದಲ್ಲಿ ಈ ಪದ ಕೇಳಿದವರೆಲ್ಲ ಮೊದಲು ಅನುಮಾನದಿಂದ ಹುಬ್ಬು ಗಂಟಿಕ್ಕುತ್ತಿದ್ದರು.

ಬೆಟ್ಟದ ಮೇಲೆ

ಚಿಂತಾಮಣಿಯಲ್ಲಿ ಕೆಲಸಕ್ಕೆ ಸೇರಿದ ಹೊಸತು. ಶಾಲೆ ತನಿಖೆಗೆ ಬಂದ ಇನ್ಸ್‌ಪೆಕ್ಟರನ್ನು ಅಂಬಾಜಿದುರ್ಗ ಹತ್ತಿಸಿದೆವು. ಅವರು ತುದಿಯಲ್ಲಿ ನಿಂತು ಸುತ್ತಲೂ ನೋಡಿ, ಎದೆಯ ಮೇಲೆ ಕೈಯಿಟ್ಟು, “ಬ್ರೆತ್‌ಟೇಕಿಂಗ್” ಅಂದರು.

ಹೆಡ್‌ಮಾಸ್ಟರು ನನ್ನನ್ನು ಪಕ್ಕಕ್ಕೆಳೆದರು. “ಎದೆ ಹಿಡ್ಕೊಂಡಿದ್ದಾರೆ, ಉಸಿರು ಅಂತಿದ್ದಾರೆ. ಇಲ್ಲೇ ಏನಾದ್ರೂ ಆದ್ರೆ ನಮ್ಮ ತಲೆಗೆ ಬರುತ್ತೆ.”

“ಬೆಟ್ಟ ಚೆನ್ನಾಗಿದೆ ಅಂತಿದ್ದಾರೆ ಸಾರ್.”

“ಅದು ನಿಮಗೆ ಗೊತ್ತಾ, ಅವರ ಎದೆಗೆ ಗೊತ್ತಾ?”

ಇನ್ಸ್‌ಪೆಕ್ಟರು ಬೇಡ ಬೇಡ ಅನ್ನುತ್ತಿದ್ದರೂ ಕೇಳದೆ, ಹೆಡ್‌ಮಾಸ್ಟರು ಇಬ್ಬರು ಆಳುಗಳಿಂದ ಇನ್ಸ್‌ಪೆಕ್ಟರನ್ನು ಹೊರಿಸಿಕೊಂಡು ಕೆಳಗಿಳಿಸಿದರು. ಇಳಿದ ಮೇಲೆ ಇನ್ಸ್‌ಪೆಕ್ಟರು ಕೋಟು ಸರಿಮಾಡಿಕೊಳ್ಳುತ್ತ ನನ್ನನ್ನು ಕೇಳಿದರು: “ನಿಮ್ಮ ಹೆಡ್‌ಮಾಸ್ಟರು ಯಾವ ಸಬ್ಜೆಕ್ಟು?”

“ಇಂಗ್ಲಿಷು ಸಾರ್.”

ಡಾಕ್ಟರ ಅನುಮಾನ

ಅದೇ ಪದವನ್ನು ತರಗತಿಯಲ್ಲಿ ಕಲಿಸಿ, ವಾಕ್ಯ ಮಾಡಿ ಅಂದೆ. ಒಬ್ಬ ಎದ್ದು, “ನಮ್ಮೂರ ಡಾಕ್ಟರು ಬ್ರೆತ್‌ಟೇಕಿಂಗ್” ಅಂದ. ಆ ಡಾಕ್ಟರ ಮಗಳೂ ಅದೇ ತರಗತಿಯಲ್ಲಿದ್ದಳು. ಸಂಜೆ ಡಾಕ್ಟರು ನನ್ನನ್ನು ದಾರಿಯಲ್ಲಿ ನಿಲ್ಲಿಸಿದರು.

“ಮೇಷ್ಟ್ರೇ, ಆ ಹುಡುಗ ಹೊಗಳಿದ್ನೋ, ಬೈದ್ನೋ?”

ನನಗೂ ತಿಳಿದಿರಲಿಲ್ಲ. “ವ್ಯಾಕರಣ ತಪ್ಪಿಲ್ಲ ಸಾರ್” ಅಂದೆ.

ಶಿಡ್ಲಘಟ್ಟದಲ್ಲಿ

ಶಿಡ್ಲಘಟ್ಟಕ್ಕೆ ವರ್ಗವಾದಾಗ ನಮ್ಮ ಬಾಡಿಗೆ ಮನೆಯ ಯಜಮಾನರದೇ ರೇಷ್ಮೆ ನೂಲು ತೆಗೆಯುವ ಕೊಟ್ಟಿಗೆ ಪಕ್ಕದಲ್ಲಿತ್ತು. ಬೇಯುವ ಗೂಡಿನ ವಾಸನೆಗೆ ಹೊಸಬರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಮದರಾಸಿನಿಂದ ಬಂದ ವ್ಯಾಪಾರಿಯೊಬ್ಬರು ನೂಲಿನ ಲಡಿಯನ್ನು ಬೆಳಕಿಗೆ ಹಿಡಿದು, “ಬ್ರೆತ್‌ಟೇಕಿಂಗ್” ಅಂದರು. ಯಜಮಾನರು ನನ್ನ ಕಡೆ ತಿರುಗಿದರು. ಉಸಿರಿಗೆ ಸಂಬಂಧಿಸಿದ ಮಾತು ಎಂದು ನಾನು ಬಾಯಿ ತೆರೆದದ್ದೇ ತಡ, ಅವರ ಮುಖ ಬಿಗಿಯಾಯಿತು.

“ಗೊತ್ತಾಯ್ತು ಬಿಡಿ. ವಾಸನೆ ನೆಪ ಹೇಳಿ ರೇಟು ಇಳಿಸೋಕೆ ನೋಡ್ತಾನೆ. ಉಸಿರು ಬೇಕಾದ್ರೆ ಹೊರಗೆ ನಿಂತು ಎಳ್ಕೊಳ್ಳಲಿ, ರೇಟು ಮಾತ್ರ ಒಳಗೆ ಹೇಳಿದ್ದೇ.”

ಗೌರಿಬಿದನೂರಿನ ಬಾವಿ

ಇದನ್ನು ಈಗ ಹೇಳಬಹುದು. ಇದರಲ್ಲಿ ಬರುವ ಗಂಡಹೆಂಡಿರಿಗೆ ಮಕ್ಕಳೂ ಆಗಿ, ಅವರೇ ನಗುತ್ತ ಹೇಳಿಕೊಳ್ಳುತ್ತಾರೆ.

ನನ್ನ ಚಿಕ್ಕಪ್ಪನ ಮಗ ಬಿ.ಎ. ಮುಗಿಸಿ ಚಿಕ್ಕಬಳ್ಳಾಪುರದಲ್ಲಿ ಗುಮಾಸ್ತನಾಗಿದ್ದ. ಗೌರಿಬಿದನೂರಿನ ಹತ್ತಿರ ಹೆಣ್ಣು ನೋಡಲು ಅವನ ಜೊತೆ ನಾನೂ ಹೋಗಿದ್ದೆ. ಹುಡುಗಿ ಕಾಫಿ ತಂದಿಟ್ಟು ಒಳಗೆ ಹೋದಳು. ಇವನು ಲೋಟ ಹಿಡಿದವನು ಹಿಡಿದಂತೆಯೇ ಕೂತು, ನನ್ನ ಕಡೆ ಬಾಗಿ, “ಬ್ರೆತ್‌ಟೇಕಿಂಗ್” ಅಂದ.

ಹುಡುಗಿಯ ಅಜ್ಜಿಯ ಕಿವಿ ಚುರುಕು. “ಏಮಂಟಾಡು? ಏನಂದ ಹುಡುಗ?”

“ಅವಳನ್ನ ನೋಡಿ ಉಸಿರೇ ನಿಂತೋಯ್ತು ಅಂದ ಅಜ್ಜಿ.”

ಅಜ್ಜಿ ಎಲೆಅಡಿಕೆ ತಟ್ಟೆ ಬದಿಗಿಟ್ಟರು. “ಕೂತಲ್ಲೇ ಉಸಿರು ನಿಲ್ಲೋದಾದ್ರೆ ದಮ್ಮಿನ ಕಾಯಿಲೆ ಇರಬೇಕು. ಮುಚ್ಚಿಟ್ಟು ಕರ್ಕೊಂಡು ಬಂದಿದ್ದೀರಾ?”

ಇಲ್ಲ ಅಂದಷ್ಟೂ ಅವರ ಅನುಮಾನ ಬಲವಾಯಿತು. ಸಂಬಂಧ ಮುರಿಯುವುದು ಗ್ಯಾರಂಟಿ ಅಂದುಕೊಂಡೆ. ಕೊನೆಗೆ ಅಜ್ಜಿಯೇ ಒಂದು ದಾರಿ ಹೇಳಿದರು. “ಹಿತ್ತಿಲ ಬಾವೀಲಿ ನೀರು ಸೇದಿ ತೊಟ್ಟಿ ತುಂಬಿಸಲಿ. ನೋಡಣ.”

ಹೊಸ ಷರ್ಟಿನ ತೋಳು ಮಡಚಿ ಇವನು ಹಗ್ಗ ಹಿಡಿದ. ಬಾವಿ ಆಳ, ಕೊಡ ದೊಡ್ಡದು. ತೊಟ್ಟಿ ತುಂಬುವಷ್ಟರಲ್ಲಿ ಷರ್ಟು ಒದ್ದೆಮುದ್ದೆ, ಬಾಯಲ್ಲಿ ಏದುಸಿರು. ಅಡುಗೆಮನೆಯ ಬಾಗಿಲ ಹಿಂದೆ ಬಳೆ ಸದ್ದಾಗುತ್ತಿತ್ತು.

ಅಜ್ಜಿ ಅವನ ಮುಂದೆ ನಿಂತು ಮುಖ ನೋಡಿ ಕೇಳಿದರು: “ನಿಜ ಹೇಳಪ್ಪ. ನಿನ್ನ ಉಸಿರು ಹುಡುಗಿ ನೋಡಿ ಹೋಯ್ತೋ, ಬಾವಿಯಿಂದ ಹೋಯ್ತೋ?”

ಅವನಿಗೆ ಯೋಚಿಸುವ ತ್ರಾಣವೂ ಇರಲಿಲ್ಲ. “ಬಾವಿಯಿಂದ ಅಜ್ಜಿ” ಅಂದ.

ಅಜ್ಜಿಯ ಮುಖ ಅರಳಿತು. “ಸುಳ್ಳು ಹೇಳೋನಲ್ಲ. ಹೆಣ್ಣು ಕೊಡಬಹುದು.”

ಬಾಗಿಲ ಹಿಂದಿನಿಂದ ಹುಡುಗಿ ಹೇಳಿದಳು: “ಹಾಗಾದ್ರೆ ಆ ಬಾವೀನೇ ಕಟ್ಟಿಕೊಳ್ಳಲಿ ಬಿಡಜ್ಜಿ.”