ನಿಂತು ನಿಂತು ಓಡಿದ ಕಾರು

ಸೋಲುವುದು ನನಗೆ ಕಷ್ಟವಲ್ಲ; ನಾದಿನಿಯ ಎದುರು ಸೋಲುವುದು ಕಷ್ಟ. ಬೇರೆ ಯಾರ ಕೈಯಲ್ಲಿ ಸೋತರೂ ನಗುತ್ತ ಮನೆಗೆ ಬಂದುಬಿಡಬಹುದು. ಗಂಡನ ತಂಗಿಯ ಕೈಯಲ್ಲಿ ಸೋತರೆ ಮದುವೆ, ಸೀಮಂತ, ಗೃಹಪ್ರವೇಶ ಎಲ್ಲ ಕಡೆಯೂ ಊಟದ ಜೊತೆಗೆ ಅದನ್ನೂ ಬಡಿಸುತ್ತಾರೆ. ನನ್ನ ನಾದಿನಿ ಗಿರಿಜಾ ಇರುವುದು ಅಂಬತ್ತೂರಿನಲ್ಲಿ, ನಾವಿರುವುದು ಕೋಡಂಬಾಕ್ಕಂನಲ್ಲಿ. ನಡುವೆ ಇಷ್ಟೊಂದು ಚೆನ್ನೈ ಇದ್ದರೂ ಅವಳ ರೊಟ್ಟಿ ನನ್ನ ರೊಟ್ಟಿಗಿಂತ ತೆಳ್ಳಗಿರುತ್ತದೆ ಎಂಬ ಸುದ್ದಿ ಬಿಸಿ ಆರುವ ಮೊದಲೇ ನಮ್ಮ ಮನೆ ಮುಟ್ಟುತ್ತದೆ. ಅವಳ ಉಪ್ಪಿನಕಾಯಿಗೆ ಬೂಸು ಹಿಡಿಯುವುದಿಲ್ಲ. ಅವಳ ಸೀರೆಯ ನೆರಿಗೆ ಸಂಜೆಯಾದರೂ ಕದಲುವುದಿಲ್ಲ. ಇಂಥವಳನ್ನು ನಾನು ಒಂದೇ ಒಂದು ವಿಷಯದಲ್ಲಿ ಸೋಲಿಸುತ್ತಿದ್ದೆ. ಕಾರಿನ ರೇಸಿನಲ್ಲಿ.

ನಗಬೇಡಿ, ಕಂಪ್ಯೂಟರಿನೊಳಗಿನ ರೇಸು. ಮಗಳು ಪಲ್ಲವಿ ಕಾಲೇಜಿನ ಕೆಲಸಕ್ಕೆಂದು ಒಂದು ದೊಡ್ಡ ಕಂಪ್ಯೂಟರ್ ಮಾಡಿಸಿಕೊಂಡಿದ್ದಳು. ಅದರ ಧೂಳು ಒರೆಸಲು ಹೋದ ನಾನು, ಕುರ್ಚಿ ಮೆತ್ತಗಿದೆಯಲ್ಲ ಎಂದು ಕೂತವಳು ಏಳಲೇ ಇಲ್ಲ. ಆಮೇಲೆ ಗಿರಿಜಾಳ ಮನೆಗೂ ಅಂಥದೇ ಒಂದು ಬಂತು. ಭಾನುವಾರ ಊಟವಾಗಿ ಗಂಡಸರು ಅಡ್ಡಾದ ಮೇಲೆ ಅವಳು ಅಲ್ಲಿ, ನಾನು ಇಲ್ಲಿ ಕೂತು ಇಂಟರ್‌ನೆಟ್ಟಿನಲ್ಲಿ ಕಾರು ಬಿಡುತ್ತಿದ್ದೆವು. ನಮ್ಮ ಬೀದಿ ದಾಟುವುದಕ್ಕೂ ನನಗೆ ಮಗಳ ಕೈ ಬೇಕು. ಪರದೆಯ ಮೇಲೆ ಮಾತ್ರ ನಾನು ಯಾರಪ್ಪನಿಗೂ ದಾರಿ ಬಿಡುವವಳಲ್ಲ. ವಾರ ವಾರವೂ ಗೆದ್ದೆ. ಗೆದ್ದ ಮೇಲೆ ಅವಳಿಗೆ ಫೋನು ಮಾಡಿ ಸಮಾಧಾನ ಹೇಳುವ ಸುಖವಿತ್ತಲ್ಲ, ಅದರ ಮುಂದೆ ಗೆಲುವೇ ಸಪ್ಪೆ.

ಹೀಗಿರುವಾಗ ಕಂಪ್ಯೂಟರ್ ಮಂದವಾಯಿತು. ಪುಕ್ಕಟೆ ಸಿಗುತ್ತದೆಂದು ನಾನು ಪಂಚಾಂಗ, ಕಸೂತಿಯ ಚಿತ್ರ, ಇನ್ನೂ ಏನೇನೋ ತುಂಬಿಸಿದ್ದೆ. ಪಲ್ಲವಿ ತಲೆ ಚಚ್ಚಿಕೊಂಡು ಎಲ್ಲ ಅಳಿಸಿ, ಆಪರೇಟಿಂಗ್ ಸಿಸ್ಟಮ್ಮನ್ನೇ ಹೊಸದಾಗಿ ಹಾಕಿ, ಪ್ರಾಜೆಕ್ಟಿಗೆಂದು ಕೊಯಮತ್ತೂರಿಗೆ ಹೊರಟುಹೋದಳು. ಇದು ನಮ್ಮ ಅತ್ತೆಯ ಕಿವಿಗೆ ಬಿತ್ತು. ನಮ್ಮ ಮನೆಗೆ ಹೊಸದಾಗಿ ಬಂದ ಯಾವ ವಸ್ತುವೂ ಅತ್ತೆಯ ವಿಭೂತಿ, ಕುಂಕುಮ ತಪ್ಪಿಸಿಕೊಂಡದ್ದಿಲ್ಲ. ಮಿಕ್ಸಿ, ವಾಷಿಂಗ್ ಮಷಿನ್, ನಮ್ಮವರ ಹೆಲ್ಮೆಟ್ಟು ಎಲ್ಲಕ್ಕೂ ಆಗಿದೆ. "ಒಳಗಿಂದೆಲ್ಲಾ ಹೊಸಾದು ಅಂದ್ರ ಅದು ಹೊಸಾದ ಅಲ್ಲೇನು?" ಎಂದರು. ವಾಯರುಗಳನ್ನೆಲ್ಲ ಕಿತ್ತು, ಕಂಪ್ಯೂಟರಿನ ಡಬ್ಬಿಯನ್ನು ದೇವರ ಕೋಣೆಗೆ ಹೊತ್ತು, ಪೂರ್ವಕ್ಕೆ ಮುಖ ಮಾಡಿ ಇಟ್ಟೆ. ಪೂಜೆ, ಆರತಿ ಆದ ಮೇಲೆ ವಾಪಸು ತಂದು, ಮೊದಲ ಪೂಜೆಯಾದಾಗ ಪಲ್ಲವಿ ಚುಚ್ಚಿದ್ದ ವಾಯರುಗಳನ್ನು ಈ ಸಲ ನಾನೇ ಚುಚ್ಚಿದೆ. ಪರದೆ ಬೆಳಗಿತು. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ.

ಆ ಭಾನುವಾರ ಕಾರು ಹತ್ತಿದರೆ, ಅದು ತೊದಲತೊಡಗಿತು. ನಾಲ್ಕು ಮಾರು ಓಡುತ್ತದೆ, ನಿಲ್ಲುತ್ತದೆ, ಮತ್ತೆ ಕಣ್ಣು ಬಿಟ್ಟರೆ ಹಳ್ಳದಲ್ಲಿರುತ್ತದೆ. ಗಿರಿಜಾ ಭರ್ರನೆ ಹೋಗಿ ಗೆದ್ದಳು. ಮುಂದಿನ ವಾರವೂ ಗೆದ್ದಳು. ನನಗೆ ಅನ್ನ ಸೇರದಾಯಿತು. ಮಗಳಿಗೆ ಫೋನು ಮಾಡಿದರೆ, "ಡ್ರೈವರ್ ಅಪ್‌ಡೇಟ್ ಪಣ್ಣಿಯಾಮ್ಮಾ?" ಎಂದು, ಅಂದರೆ ಡ್ರೈವರ್ ಅನ್ನುವ ಸಾಫ್ಟ್‌ವೇರ್ ಹೊಸದು ಮಾಡಿದೆಯಾ ಎಂದು, ತಮಿಳಿನಲ್ಲಿ ಕೇಳಿ ಫೋನು ಇಟ್ಟುಬಿಟ್ಟಳು. ಅದನ್ನೂ ಹೇಗೋ ಮಾಡಿದೆ. ಯಂತ್ರಕ್ಕೆ ಸೆಕೆಯಾಗಿರಬೇಕೆಂದು ಅದರ ಪಕ್ಕದ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಇಟ್ಟೆ. ಚೆನ್ನೈನ ಮೇ ತಿಂಗಳಲ್ಲಿ ನಮ್ಮವರು ಬೆವರು ಒರೆಸಿಕೊಳ್ಳುತ್ತ ಆ ಡಬ್ಬಿಯನ್ನೇ ಅಸೂಯೆಯಿಂದ ನೋಡುತ್ತಿದ್ದರು. ಇಂಟರ್‌ನೆಟ್ಟಿನಲ್ಲಿ ಯಾವ ದೇಶದವನೋ ಪುಣ್ಯಾತ್ಮ, ಆಟದಲ್ಲಿ ನೆರಳು ತೆಗೆಯಿರಿ ಎಂದ. ತೆಗೆದೆ. ಇನ್ನೊಬ್ಬ ಹುಲ್ಲು ತೆಗೆಯಿರಿ ಎಂದ, ಮತ್ತೊಬ್ಬ ಮರಗಳನ್ನು. ಕೊನೆಗೆ ಬಟ್ಟಬಯಲಿನಲ್ಲಿ ನನ್ನ ಕಾರೊಂದೇ ನಿಂತು ನಿಂತು ಓಡುತ್ತಿತ್ತು.

ಸುಮ್ಮನಿದ್ದಿದ್ದರೆ ಮಾನ ಉಳಿಯುತ್ತಿತ್ತೋ ಏನೋ. ಬಂಧುಗಳ ಮನೆಯ ತೊಟ್ಟಿಲ ಕಾರ್ಯಕ್ರಮದಲ್ಲಿ, ಹೆಂಗಸರೆಲ್ಲ ಸುತ್ತ ಕೂತಿದ್ದಾಗ, ನನ್ನ ಕಂಪ್ಯೂಟರ್ ಕೆಟ್ಟಿದೆ, ಅದಕ್ಕೇ ಗಿರಿಜಾ ಗೆಲ್ಲುತ್ತಿದ್ದಾಳೆ, ಇಲ್ಲದಿದ್ದರೆ ಅವಳ ಕೈಯಲ್ಲೇನಾಗುತ್ತದೆ ಎಂದುಬಿಟ್ಟೆ. ಅವಳು ಸಿಟ್ಟಾಗಲಿಲ್ಲ. "ಆತು ವೈನಿ, ಭಾನುವಾರ ನಿಮ್ಮ ಮನೀಗೇ ಬರ್ತೀನಿ. ನಿಮ್ಮ ಕಂಪ್ಯೂಟರಿನ್ಯಾಗ ಒಬ್ಬರಾದ ಮ್ಯಾಲ ಒಬ್ಬರು ಕಾರು ಬಿಡೋಣು. ನಿಂತ್ರ ಇಬ್ಬರಿಗೂ ನಿಂದರ್ತದ" ಎಂದಳು. ಅಷ್ಟು ಜನರ ಮುಂದೆ ಬೇಡವೆನ್ನಲಾದೀತೇ?

ಬಂದಳು. ಕಾಫಿ ಕುಡಿದಳು. ಕಾರು ಎರಡು ಸಲ ನಿಂತದ್ದನ್ನು ನೋಡಿ, ಎದ್ದು ಡಬ್ಬಿಯ ಹಿಂದಕ್ಕೆ ಹೋಗಿ ಬಗ್ಗಿದಳು. ಅಲ್ಲಿಂದ ಕಿಸಕ್ಕೆಂದು ನಕ್ಕ ಸದ್ದು ಬಂತು.

"ವೈನಿ, ಪರದೆ ವಾಯರು ಈ ಮ್ಯಾಲಿನ ತೂತಿಗೆ ಯಾಕ ಚುಚ್ಚೀರಿ?"

"ಕೆಳಗಿಂದಕ್ಕ ಕುಂಕುಮ ಹಚ್ಚ್ಯಾರಲ್ಲ. ಅದರ ಮ್ಯಾಲ ಹೆಂಗ ಚುಚ್ಚಲಿ? ಮ್ಯಾಲಿಂದೂ ಹಂಗ ಇತ್ತು, ಅದಕ್ಕ ಚುಚ್ಚಿದೆ."

ನಾನು ಹೇಳಿದ್ದು ಸತ್ಯ. ಅತ್ತೆಗೆ ಗಾಡಿಗೆ ಹಚ್ಚುವಂತೆ ಹಿಂದೆ ಮುಂದೆ ಎರಡೂ ಕಡೆ ಹಚ್ಚಬೇಕು. ಹಿಂಭಾಗವೆಲ್ಲ ಕಪ್ಪು, ಬೆಳ್ಳಗೆ ಹೊಳೆಯುತ್ತಿದ್ದದ್ದು ಆಟದ ಚಿತ್ರಗಳನ್ನು ಓಡಿಸುವ ಕಾರ್ಡಿನ ಪಟ್ಟಿಯೊಂದೇ. ಕುಂಕುಮ ಅಲ್ಲೇ ಎದ್ದು ಕಂಡಿತು. ಆ ಕಾರ್ಡಿಗೆ ಚುಚ್ಚಬೇಕಾದ ವಾಯರನ್ನು ನಾನು ಭಕ್ತಿಯಿಂದ ಬೇರೆ ಕಡೆ ಚುಚ್ಚಿದ್ದೆ. ಅಷ್ಟು ದೊಡ್ಡ ಕಾರ್ಡು ಕುಂಕುಮವಿಟ್ಟುಕೊಂಡು ಸುಮ್ಮನೆ ಕೂತಿತ್ತು.

"ಹೊಸಾದು ತಂದಾಗ ಅವ್ವ ನಮ್ಮನ್ಯಾಗೂ ಹಿಂಗ ಹಚ್ಚಿದ್ಲು. ನಾನೂ ನಿಮ್ಹಂಗ ಮ್ಯಾಲ ಚುಚ್ಚಿದ್ದೆ" ಎಂದಳು ಗಿರಿಜಾ. "ಎಲ್ಲಾರ ಕಾರೂ ಹಿಂಗ ನಿಂತ ನಿಂತ ಓಡ್ತಾವ ಅಂತ ತಿಳಕೊಂಡಿದ್ದೆ. ಮೊನ್ನೆ ಮೊನ್ನೆ ನಮ್ಮನಿಯವರು ನೋಡಿ ಬದಲು ಮಾಡಿದ್ರು."

ಅಂದರೆ ಇಷ್ಟು ದಿನ ನಾನು ಗೆದ್ದದ್ದು, ಗೆದ್ದು ಬೀಗಿದ್ದು, ಕುಂಟುವ ಕಾರಿನ ಎದುರು. ಹಾಗಾದರೆ ಎಲ್ಲ ಅತ್ತೆಯ ಪುಣ್ಯ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅತ್ತೆ, "ಮಗಳು, ಸೊಸಿ ಅಂತ ನಾ ಎಂದೂ ಭೇದ ಮಾಡಿಲ್ಲ ನೋಡವಾ" ಎಂದು ಸೆರಗು ಸರಿಮಾಡಿಕೊಂಡರು.

ಗಿರಿಜಾ ಕುಂಕುಮ ಒರೆಸಿ, ವಾಯರು ಬದಲಿಸಿದಳು. ನಾನು ತೆಗೆದಿದ್ದ ನೆರಳು, ಹುಲ್ಲು, ಮರ ಎಲ್ಲ ವಾಪಸು ಹಾಕಿದಳು. ಕಾರು ಎಣ್ಣೆ ಸವರಿದಂತೆ ಜಾರಿತು. ಮೊದಲು ಅವಳು ಓಡಿಸಿದಳು, ಆಮೇಲೆ ನಾನು. ಅದೇ ಕುರ್ಚಿ, ಅದೇ ಯಂತ್ರ, ಅದೇ ದಾರಿ. ನಾನು ಒಮ್ಮೆಯೂ ನಿಲ್ಲದೆ, ಒಂಚೂರೂ ತೊದಲದೆ, ಬಹಳ ಸೊಗಸಾಗಿ ಸೋತೆ.

ಮರುದಿನ ಕಣ್ಣಿನ ಡಾಕ್ಟರ ಬಳಿಗೆ ಹೋದೆ. ದಾರಿಯ ತಿರುವು ಕಾಣಿಸುವುದು ಸ್ವಲ್ಪ ತಡವಾಗುತ್ತಿದೆ ಎಂದೆ. ಅವರು ಅಕ್ಷರ ಓದಿಸಿ, ಹನಿ ಹಾಕಿ, ಬೆಳಕು ಬಿಟ್ಟು ನೋಡಿ, ಈ ವಯಸ್ಸಿಗೆ ಇಷ್ಟು ಒಳ್ಳೆಯ ಕಣ್ಣು ಅಪರೂಪ ಎಂದು ಹೊಗಳಿ ಕಳಿಸಿದರು. ಮನೆಗೆ ಬಂದಾಗ ನಮ್ಮವರು ಗಾಬರಿಯಿಂದ ಡಾಕ್ಟರು ಏನೆಂದರು ಎಂದು ಕೇಳಿದರು. ಸ್ವಲ್ಪ ತೊಂದರೆ ಇದೆಯಂತೆ, ಮೊದಲು ಗಿರಿಜಾಳಿಗೆ ಫೋನು ಮಾಡಿ ತಿಳಿಸಿ ಎಂದೆ.