ರೇಣುಕಯ್ಯನ ಆಗ್ಸ್‌ಬರ್ಗ್

ರೇಣುಕಯ್ಯನ ಮೊಬೈಲಿನಲ್ಲಿ ಇನ್ನೆರಡು ನಿಮಿಷಕ್ಕಾಗುವಷ್ಟು ಚಾರ್ಜು ಉಳಿದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಕೊರಟಗೆರೆಯಲ್ಲಿ ಬಸ್ಸು ಹತ್ತಿದಾಗಿನಿಂದ ಆತ ಜರ್ಮನಿಯ ಆಗ್ಸ್‌ಬರ್ಗ್ ಎಂಬ ಊರಿನ ಬಗ್ಗೆ ಓದುತ್ತಿದ್ದ. ಕಿಟಕಿಯಲ್ಲಿ ಮಧುಗಿರಿ ಬೆಟ್ಟ ಕಾಣುವ ಹೊತ್ತಿಗೆ ಮೊಬೈಲು ಕಣ್ಣು ಮುಚ್ಚಿತು. ಓದಿದಷ್ಟಕ್ಕೇ ಆತನ ಮೈ ಜುಮ್ಮೆಂದಿತ್ತು.

ಅವತ್ತು ಮಧುಗಿರಿ ಗುಮಾಸ್ತರ ಸಂಘಕ್ಕೆ ಅಧ್ಯಕ್ಷನ ಆಯ್ಕೆ. ಊರಿನವರದು ಒಂದು ಗುಂಪು, ದಿನಾ ಪಾವಗಡದಿಂದ ಬಂದು ಹೋಗುವವರದು ಇನ್ನೊಂದು. ಮೂರು ವರ್ಷ ಕಿತ್ತಾಡಿ ಸುಸ್ತಾಗಿ, ಎರಡಕ್ಕೂ ಸೇರದ ಕೊರಟಗೆರೆಯ ರೇಣುಕಯ್ಯನೇ ಆಗಲಿ ಎಂದು ಒಪ್ಪಿದ್ದರು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಯಾರೂ ಆತನಿಗೊಂದು ಕುರ್ಚಿ ಎಳೆದು ಕೊಟ್ಟವರಲ್ಲ. ಈ ಪದವಿ ಆತನಿಗೆ ಬೇಕೇ ಬೇಕಿತ್ತು. ಹೆಂಡತಿ ರಾಧಾಮಣಿ ಬೆಳಿಗ್ಗೆಯೇ ಒಬ್ಬಟ್ಟಿಗೆ ಬೇಳೆ ಬೇಯಲು ಇಟ್ಟಿದ್ದಳು.

"ಹಾರ ಹಾಕೋಕೆ ಮುಂಚೆ ಎರಡು ಒಳ್ಳೆ ಮಾತಾಡಿ ಸಾರ್," ಎಂದ ಊರಿನ ಗುಂಪಿನ ಪ್ರಭುದೇವ್.

ರೇಣುಕಯ್ಯ ಎದ್ದ. "ಜರ್ಮನೀಲಿ ಒಂದೂರೈತೆ ಕಣ್ರಪ್ಪ. ಕ್ಯಾಥೊಲಿಕ್ಕರು, ಪ್ರೊಟೆಸ್ಟೆಂಟರು ಅಂತ ಎರಡು ಪಂಗಡ. ಇಬ್ರಿಗೂ ಒಬ್ನೇ ಯೇಸು, ಆದ್ರೂ ಹೊಡೆದಾಟ. ಕೊನೆಗೆ ಸಾಕಪ್ಪಾ ಅಂತ ಏನ್ ಮಾಡುದ್ರು ಗೊತ್ತಾ? ಅಧಿಕಾರಾನೇ ಸಮಪಾಲು! ಒಂದೊಂದು ಹುದ್ದೆಗೂ ಅವರ ಕಡೆಯೋರೊಬ್ರು, ಇವರ ಕಡೆಯೋರೊಬ್ರು. ಒಬ್ನೇ ಸಂತನ ಹೆಸರಲ್ಲಿ ಎರಡು ಚರ್ಚು, ಇವತ್ತಿಗೂ ಅಂಟ್ಕೊಂಡು ನಿಂತವೆ!"

ಹೇಳುತ್ತ ಆತನ ಕಣ್ಣೇ ತುಂಬಿತು. ಟೀ ಹಂಚುತ್ತಿದ್ದ ಓಬಳಮ್ಮ ಲೋಟ ಹಿಡಿದು ನಿಂತೇಬಿಟ್ಟಳು. "ಅಯ್ಯೋ ಶಿವನೇ, ಅಂಗೂ ಬಾಳ್ತಾರಾ ಜನ!"

ಪಾವಗಡ ಗುಂಪಿನ ಕದರಪ್ಪ ಮೇಜು ಗುದ್ದಿದ. "ಬಾಗುಂದಿ ಸಾರ್, ಬಾಳ ಚೆನ್ನಾಗೈತೆ! ನಾವೂ ಅಂಗೇ ಮಾಡ್ಬುಡಾನ. ಪಾವಗಡಕ್ಕೆ ನಾನೊಬ್ಬ ಅಧ್ಯಕ್ಷ, ಮಧುಗಿರಿಗೆ ಪ್ರಭುದೇವಣ್ಣ ಒಬ್ಬ ಅಧ್ಯಕ್ಷ!"

ಚಪ್ಪಾಳೆಯೋ ಚಪ್ಪಾಳೆ. ಮೂರು ವರ್ಷ ಮುಖ ನೋಡದಿದ್ದ ಇಬ್ಬರೂ ತಬ್ಬಿಕೊಂಡರು. ಉಪಾಧ್ಯಕ್ಷರು ಇಬ್ಬರು, ಕಾರ್ಯದರ್ಶಿಗಳು ಇಬ್ಬರು, ಎಲ್ಲಾ ಜೋಡಿ ಜೋಡಿಯಾಗಿ ನಿಂತುಬಿಟ್ಟರು.

ರೇಣುಕಯ್ಯ ಕೈ ಎತ್ತಿದ. "ಅಲ್ರಪ್ಪಾ, ಎರಡೂ ಅಲ್ದೋನು ನಾನೊಬ್ಬ ಇದೀನಲ್ಲ..."

"ಆ ಊರ್ನಾಗೆ ಎರಡೂ ಅಲ್ದೋರು ಅಂತ ಯಾರಾರ ಅವ್ರಾ ಸಾರ್? ನೀವೇ ಓದೀರಲ್ಲ, ನೀವೇ ಹೇಳ್ರಿ," ಎಂದ ಕದರಪ್ಪ.

ರೇಣುಕಯ್ಯ ಸುಳ್ಳು ಹೇಳಿ ಅಭ್ಯಾಸವಿದ್ದವನಲ್ಲ. ಓದಿದ್ದನ್ನೆಲ್ಲ ನೆನೆದ. "ನಾನು ಓದಿದಂಗೆ... ಎರಡೇ."

"ಇನ್ನೇನು ಮತ್ತೆ!"

ತಂದಿದ್ದು ಒಂದೇ ಹಾರ. ನಡುವೆ ಕತ್ತರಿಸಿ ಇಬ್ಬರಿಗೂ ಹಾಕಿದರು. ಕತ್ತರಿಸುವಾಗ ಅಲ್ಲಾಡದಂತೆ ಹಿಡಿದುಕೊಂಡವನು ರೇಣುಕಯ್ಯನೇ.

ಸಂಜೆ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದಿದ್ದ ರಾಧಾಮಣಿ ಆತನ ಮುಖ ನೋಡಿ ತಟ್ಟೆ ಒಳಗಿಟ್ಟಳು. ಕತೆ ಕೇಳಿ ಒಬ್ಬಟ್ಟು ಬಡಿಸಿ, ಮೊಬೈಲು ಚಾರ್ಜಿಗೆ ಹಾಕಿದಳು. ಅದು ಎಚ್ಚರಗೊಂಡು ಬೆಳಿಗ್ಗೆ ಬಿಟ್ಟ ಜಾಗವನ್ನೇ ತೋರಿಸಿತು. ಅವಳು ಪುಟವನ್ನು ಬೆರಳಿಂದ ಒಂಚೂರು ಮೇಲಕ್ಕೆ ಸರಿಸಿ ಮುಂದಿನ ಸಾಲು ಓದಿದಳು.

"ರೀ, ಇಲ್ಕೇಳಿ. ಈಗ ಆ ಊರ್ನಲ್ಲಿ ಹೆಚ್ಚುಕಮ್ಮಿ ಅರ್ಧ ಜನ ಈ ಎರಡು ಪಂಗಡಕ್ಕೂ ಸೇರಿದೋರೇ ಅಲ್ವಂತೆ ಕಣ್ರೀ!"

"ಅರ್ಧ ಊರೇ?" ಎಂದ ರೇಣುಕಯ್ಯ. ಒಬ್ಬಟ್ಟಿನ ಚೂರು ಕೈಯಲ್ಲೇ ಉಳಿಯಿತು.